64ರಿಂದ 69ಕ್ಕೆ ಏರಿದಾಗ ನನ್ನ ಏಟಿಗೆ ಏನಾಯಿತು

2015ರ ಮಳೆಗಾಲದವರೆಗೆ ನಾನು ಬಾಕ್ಸಿಂಗ್‌ನ 64 ಕೆಜಿ ವಿಭಾಗದಲ್ಲಿ ಆಡುತ್ತಿದ್ದೆ. ಪ್ರತಿ ಪಂದ್ಯಕ್ಕೆ ಮುಂಚೆ ಊಟ ಕಡಿಮೆ ಮಾಡಿ, ರೈನ್‌ಕೋಟ್ ತೊಟ್ಟು ಪಣಂಬೂರಿನ ಮರಳಿನಲ್ಲಿ ಓಡುವುದು ನನಗೊಂದು ವ್ರತವೇ ಆಗಿತ್ತು. ಮಂಗಳೂರಿನ ಸೆಕೆಯಲ್ಲಿ ಬೆವರಿಳಿಸುವುದು ಕಷ್ಟವಲ್ಲ. ಆದರೆ ತೂಕ ಕೊಟ್ಟು ಬಂದ ಮೇಲೆ ಕಾಲಿನಲ್ಲಿ ಕಸುವೇ ಉಳಿಯುತ್ತಿರಲಿಲ್ಲ. ಹಾಗಾಗಿ 69ಕ್ಕೆ ಏರಲು ನಿರ್ಧರಿಸಿದೆ. ನನ್ನ ಬಲಗೈಯ ನೇರ ಏಟು ಅಲ್ಲಿಯೂ ಎದುರಾಳಿಯನ್ನು ಕೂರಿಸುತ್ತದೆ ಎಂಬ ಬಗ್ಗೆ ನನಗೆ ಸಂಶಯವಿರಲಿಲ್ಲ.

"ಹೊಟ್ಟೆಗೆ ಬಂದ ತೂಕ ಮುಷ್ಟಿಗೆ ಬರುವುದಿಲ್ಲ ಮಾರಾಯ" ಎಂದು ಕೋಚ್ ಎಚ್ಚರಿಸಿದ್ದರು. ಎಂಟು ತಿಂಗಳ ಕಾಲ ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಬಂಗುಡೆ ತಿಂದು, ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆದು ಐದು ಕೆಜಿ ಗಳಿಸಿದೆ. ಪಂಚಿಂಗ್ ಬ್ಯಾಗ್ ಮೊದಲಿಗಿಂತ ಹೆಚ್ಚು ತೂಗಾಡುತ್ತಿತ್ತು. ಬ್ಯಾಗ್ ತಿರುಗಿ ಹೊಡೆಯುವುದಿಲ್ಲವಲ್ಲ, ಅದನ್ನು ನೋಡಿ ನಾನು ಉಬ್ಬಿಹೋದೆ.

ಮೊದಲ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ, ಸಿಕ್ಕವನು 75 ಕೆಜಿಯಿಂದ ತೂಕ ಇಳಿಸಿಕೊಂಡು ಬಂದಿದ್ದ ಮೀನುಗಾರರ ಮನೆಯ ಹುಡುಗ. ನನ್ನ ಬಲಗೈ ಅವನ ಕೆನ್ನೆಯ ಎಲುಬಿಗೆ ಸರಿಯಾಗಿಯೇ ಬಿತ್ತು. 64ರಲ್ಲಾಗಿದ್ದರೆ ರೆಫ್ರಿ ಎಣಿಸಲು ತೊಡಗುತ್ತಿದ್ದ ಏಟು ಅದು. ಅವನ ಕತ್ತು ಎರಡು ಅಂಗುಲವೂ ಹಿಂದಕ್ಕೆ ಹೋಗಲಿಲ್ಲ. ಮೌತ್‌ಗಾರ್ಡನ್ನು ನಾಲಿಗೆಯಿಂದ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆಯೇ ಬಂದ.

ಏಟಿನ ಬಲ ಕಡಿಮೆಯಾಗಿರಲಿಲ್ಲ, ತಾಳಿಕೊಳ್ಳುವ ದೇಹ ಬದಲಾಗಿತ್ತು. ಇದರ ಜೊತೆಗೆ ನಾನು ಲೆಕ್ಕಕ್ಕೆ ಹಿಡಿಯದೇ ಇದ್ದ ಇನ್ನೊಂದು ಸಂಗತಿಯಿತ್ತು: ಆಗಿನ ಅಮೆಚೂರ್ ನಿಯಮದಲ್ಲಿ 64ರವರೆಗೆ 10 ಔನ್ಸ್ ಗ್ಲೌಸ್, 69ರಿಂದ ಮೇಲಕ್ಕೆ 12 ಔನ್ಸ್. ಎರಡು ಔನ್ಸ್ ಎಂದರೆ ಏನೂ ಅಲ್ಲವೆಂದು ತೋರುತ್ತದೆ, ಆದರೆ ಮೂರನೆಯ ಸುತ್ತಿನ ಕೊನೆಯಲ್ಲಿ ಕೈ ಎತ್ತುವಾಗ ಅದರ ಭಾರ ತಿಳಿಯುತ್ತದೆ. ಮೆತ್ತೆ ಹೆಚ್ಚಾದುದರಿಂದ ಏಟಿನ ಮೊನೆಯೂ ಮೊಂಡಾಗುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಹೆವಿವೇಟ್‌ಗಿಂತ ಕೆಳಗಿನ ಲೈಟ್ ಹೆವಿವೇಟ್ ವಿಭಾಗದಲ್ಲಿ ಎದುರಾಳಿಗಳನ್ನು ಮಲಗಿಸುತ್ತಿದ್ದ ಬಾಬ್ ಫಾಸ್ಟರ್, 1970ರಲ್ಲಿ ಹೆವಿವೇಟ್ ಚಾಂಪಿಯನ್ ಜೋ ಫ್ರೇಜಿಯರ್ ಎದುರು ಎರಡನೆಯ ಸುತ್ತಿನಲ್ಲೇ ಉರುಳಿದ. ಎಂಟು ತೂಕ ವಿಭಾಗಗಳಲ್ಲಿ ಪ್ರಶಸ್ತಿ ಗೆದ್ದ ಮ್ಯಾನಿ ಪ್ಯಾಕಿಯಾವೊ ಕೂಡ 2009ರ ನವೆಂಬರ್‌ನಲ್ಲಿ ಮಿಗೆಲ್ ಕೊಟ್ಟೊನನ್ನು ನಿಲ್ಲಿಸಿದ ಮೇಲೆ, 2018ರ ಜುಲೈವರೆಗೆ ಯಾರನ್ನೂ ಅವಧಿಗೆ ಮುನ್ನ ಮುಗಿಸಲಿಲ್ಲ. ಗೆಲುವುಗಳು ಬಂದದ್ದು ಅಂಕಗಳ ಮೇಲೆ.

ಮೇಲಿನ ವಿಭಾಗದಲ್ಲಿ ನನಗೆ ಒದಗಿದ್ದು ಬೇರೊಂದು ಏಟು. ಎದುರಾಳಿ ಬಲಗೈ ಬೀಸಿದಾಗ ಅವನ ಬಲಪಕ್ಕೆ ಬಯಲಾಗುತ್ತದೆ. ಆ ಕ್ಷಣದಲ್ಲಿ ತಲೆ ತಗ್ಗಿಸಿ, ಎಡ ಹಿಮ್ಮಡಿ ಹೊರಳಿಸಿ, ಸೊಂಟದ ತಿರುವಿನೊಂದಿಗೆ ಕೊನೆಯ ಪಕ್ಕೆಲುಬಿನ ಕೆಳಗೆ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು) ಇಳಿಸಿದರೆ ಅದು ಯಕೃತ್ತಿಗೆ ತಾಗುತ್ತದೆ. ಕತ್ತನ್ನು ವ್ಯಾಯಾಮದಿಂದ ಗಟ್ಟಿ ಮಾಡಿಕೊಳ್ಳಬಹುದು, ಯಕೃತ್ತಿಗೆ ಅಂಥ ವ್ಯಾಯಾಮವಿಲ್ಲ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ಅದರಲ್ಲಿ ಹೆಚ್ಚಿನ ಪಾಲು ಹಿಮ್ಮಡಿಗೆ ಹೋಯಿತು. ಅದೇ ಮೀನುಗಾರರ ಮನೆಯ ಹುಡುಗ ಒಂದು ಸಂಜೆ ಆ ಹುಕ್ ತಿಂದು, ಅರೆಕ್ಷಣ ನಿಂತೇ ಇದ್ದು, ಆಮೇಲೆ ಮಂಡಿಯೂರಿದ.

ಮುಂದೆ 75ಕ್ಕೆ ಏರುವ ಮಾತು ಬಂದಾಗ ನಾನು ಒಪ್ಪಲಿಲ್ಲ. ಗ್ಲೌಸ್ ಅಲ್ಲಿಯೂ ಅದೇ 12 ಔನ್ಸ್, ಆದರೆ ನನ್ನ ಎತ್ತರ ಬರೀ 5 ಅಡಿ 7 ಅಂಗುಲ.