ಮಿಕ್ಸಿಯಲ್ಲಿ ಗ್ರ್ಯಾಫೀನ್: ಸೋಪು ಅಳೆದು ಹಾಕಿ

ಬಚ್ಚಲ ಹಂಡೆಯ ಮಸಿಯನ್ನು ಒಂದು ಚಿಟಿಕೆ ನೀರಿಗೆ ಉದುರಿಸಿ ನೋಡಿ. ಮುಳುಗುವುದೇ ಇಲ್ಲ, ಮೇಲೇ ತೇಲುತ್ತದೆ. ಈಗ ಅಂಟುವಾಳದ ನೀರು ನಾಲ್ಕು ಹನಿ ಬಿಡಿ. ಮಸಿ ಒದ್ದೆಯಾಗಿ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ಗ್ರ್ಯಾಫೈಟ್ ಅಂದರೆ ಕಾರ್ಬನ್ ಹಾಳೆಗಳ ಅಟ್ಟಿ, ಅದರ ಒಂದೊಂದು ಹಾಳೆಯೇ ಗ್ರ್ಯಾಫೀನ್. ಆ ಹಾಳೆ ಬಿಡಿಸುವಾಗಲೂ ಸೋಪು ಮಾಡುವುದು ಇದೇ ಕೆಲಸ.

ಶಿವಮೊಗ್ಗದ ಕಾಲೇಜು ಮಕ್ಕಳು ಪ್ರಾಜೆಕ್ಟ್‌ಗೆ ಇದನ್ನು ಮಾಡುವುದನ್ನು ನೋಡುತ್ತಲೇ ಇದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಸೋಪು ಸುರಿದುಬಿಡುತ್ತಾರೆ.

ಮೊದಲು ಸಾಮಾನು. ಗ್ರ್ಯಾಫೈಟ್ ಪುಡಿ 10 ಗ್ರಾಂ, ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್, ಸೋಪಾಗಿ ಸೋಡಿಯಂ ಡೋಡೆಸಿಲ್ ಸಲ್ಫೇಟ್ (ಎಸ್‌ಡಿಎಸ್) 1 ಗ್ರಾಂ, ಒಂದು ಹಳೇ ಮಿಕ್ಸಿ. ಆ ಜಾರ್ ಮತ್ತೆ ಅಡುಗೆಗೆ ಬೇಡವೇ ಬೇಡ. ಪೆನ್ಸಿಲ್ ಕಡ್ಡಿ ಕುಟ್ಟಬೇಡಿ, ಅದರಲ್ಲಿ ಜೇಡಿಮಣ್ಣು ಇರುತ್ತದೆ. ರೆಡಿಮೇಡ್ 'ಗ್ರ್ಯಾಫೀನ್ ಪುಡಿ'ಗೂ ದುಡ್ಡು ಹಾಕಬೇಡಿ. 60 ತಯಾರಕರ ಪುಡಿ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಹೆಚ್ಚಿನವುಗಳಲ್ಲಿ ಗ್ರ್ಯಾಫೀನ್ ನೂರಕ್ಕೆ 10ರಷ್ಟೂ ಇರಲಿಲ್ಲ.

ಈಗ ಸೋಪಿನ ಹಂತ. ಇಲ್ಲಿ ಅವಸರ ಬೇಡ. ಎಸ್‌ಡಿಎಸ್ ಕಣಕ್ಕೆ ನೀರು ಒಲ್ಲದ ಉದ್ದ ಬಾಲ, ನೀರು ಬಯಸುವ ತಲೆ. ಬಾಲ ಹೋಗಿ ಕಾರ್ಬನ್ ಹಾಳೆಯ ಮೇಲೆ ಮಲಗುತ್ತದೆ. ಗ್ರ್ಯಾಫೈಟ್ ಮೇಲೆ ಈ ಕಣಗಳು ಸಾಲುಸಾಲಾಗಿ, ಅರ್ಧ ಕೊಳವೆಯ ಆಕಾರದಲ್ಲಿ ಕೂರುತ್ತವೆ. ನಮ್ಮ ಹಳೇ ಮನೆಗಳ ನಾಡಹೆಂಚು ಬೋರಲು ಹಾಕಿದಂತೆ, ಅಲ್ವಾ? ತಲೆಗಳಿಗೆಲ್ಲ ಋಣ ವಿದ್ಯುತ್ತು. ಹಾಗಾಗಿ ಸೋಪು ಹೊದ್ದ ಹಾಳೆಗಳು ಒಂದನ್ನೊಂದು ದೂರ ತಳ್ಳುತ್ತವೆ, ಮತ್ತೆ ಅಂಟಿಕೊಳ್ಳುವುದಿಲ್ಲ.

ಹಾಳೆ ತುಂಬಿದ ಮೇಲೂ ಸೋಪು ಹಾಕಿದರೆ ಏನಾಗುತ್ತದೆ? ಲೀಟರಿಗೆ ಸುಮಾರು 2.3 ಗ್ರಾಂ ದಾಟಿದರೆ ಎಸ್‌ಡಿಎಸ್ ಕಣಗಳು ನೀರಿನಲ್ಲೇ ಗುಂಪುಗೂಡಿ ಮೈಸೆಲ್ ಆಗುತ್ತವೆ. ಮೈಸೆಲ್ ಜಾಸ್ತಿಯಾದಷ್ಟೂ ಅವು ಹಾಳೆಗಳನ್ನು ಒಂದರ ಮೇಲೊಂದು ಒತ್ತುತ್ತವೆ. ಬಿಡಿಸಿದ್ದೇ ಮತ್ತೆ ಗಂಟು! ಅದಕ್ಕೇ ಅರ್ಧ ಲೀಟರಿಗೆ 1 ಗ್ರಾಂ ಸಾಕು ಅನ್ನುವುದು. ಬಾವಿ ನೀರೂ ಬೇಡ. ಅದರಲ್ಲಿನ ಉಪ್ಪಿನಂಶ ತಲೆಗಳ ತಳ್ಳಾಟವನ್ನು ಕುಗ್ಗಿಸುತ್ತದೆ.

ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2014ರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಯೇ ಮಿಕ್ಸಿಯಲ್ಲಿ ಗ್ರ್ಯಾಫೀನ್ ತೆಗೆದು ತೋರಿಸಿದ್ದರು. ಆದರೂ ನನಗೆ ಅದು ಬೇಡ. ಬಣ್ಣ, ವಾಸನೆ, ಉಪ್ಪು ಎಲ್ಲ ಸೇರಿರುತ್ತದೆ, ಅಳತೆಯೇ ಸಿಗುವುದಿಲ್ಲ.

ಸೋಪು ಪೂರ್ತಿ ಕರಗಿದ ಮೇಲೆ, ಮಾಸ್ಕ್ ಹಾಕಿಕೊಂಡು ಪುಡಿ ಸೇರಿಸಿ. ಎರಡು ನಿಮಿಷ ತಿರುಗಿಸಿ, ಮೂರು ನಿಮಿಷ ಬಿಡಿ. ಹೀಗೆ ಹತ್ತು ಸಲ. ನೊರೆ ಉಕ್ಕಿದರೆ ಸುಮ್ನೆ ಕಾಯಿರಿ. ನೊರೆ ಇಳಿಸುವ ಎಣ್ಣೆ ಹಾಕಿದರೆ ಅದೂ ಹಾಳೆಗೆ ಅಂಟುತ್ತದೆ.

ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ಅರ್ಧವನ್ನು ಸಿರಿಂಜಿನಲ್ಲಿ ಎಳೆದುಕೊಳ್ಳಿ. ಸಿಕ್ಕಿದ್ದೆಲ್ಲ ಒಂಟಿ ಹಾಳೆಯಲ್ಲ, ಕೆಲವು ಪದರದವೇ ಜಾಸ್ತಿ. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಬರೀ ನೀರಿನ ಉಂಗುರ ಬಂದರೆ ಗಂಟಾಗಿದೆ ಅಂತ ಲೆಕ್ಕ. ಬೂದು ಬಣ್ಣ ಒಂದೇ ಸಮ ಹರಡಿದರೆ ಚೆನ್ನಾಗಿದೆ.

ವಿದ್ಯುತ್ತು ಹರಿಯುವ ಪದರ ಬೇಕಿದ್ದರೆ ಸೋಸಿ, ಅದರ ಮೇಲೆ ಡಿಸ್ಟಿಲ್ಡ್ ವಾಟರ್ ನಾಲ್ಕೈದು ಸಲ ಹಾಯಿಸಿ. ಉಳಿದ ಸೋಪು ಹಾಳೆಗಳ ನಡುವೆ ಅಡ್ಡ ನಿಲ್ಲುತ್ತದೆ. ಮಳೆಗಾಲದಲ್ಲಿ ಇಲ್ಲಿ ಏನೂ ಬೇಗ ಒಣಗುವುದಿಲ್ಲ, ಬಲ್ಬಿನ ಕೆಳಗೆ ಪೂರ್ತಿ ಒಣಗಿಸಿ, ಆಮೇಲೆ ಮಲ್ಟಿಮೀಟರ್ ಹಿಡಿಯಿರಿ.