ಹಂಚಿಕೆಯ ಕಡತಗಳ ಅನುಮತಿ ಬದಲಾಗುವುದನ್ನು ಸದಸ್ಯರಿಗೆ ತಿಳಿಸಿದ ಬಗೆ

ನಮ್ಮ ಸ್ವಯಂಸೇವಕರ ಬಳಗದ ದಾಖಲೆಗಳೆಲ್ಲ ಗೂಗಲ್ ಡ್ರೈವ್‌ನ ಒಂದು ಫೋಲ್ಡರಿನಲ್ಲಿವೆ. ಅದರ ಉಸ್ತುವಾರಿ ನನ್ನದು. ಲಿಂಕ್ ಸಿಕ್ಕವರೆಲ್ಲ ತಿದ್ದಬಹುದಾಗಿದ್ದ ಏರ್ಪಾಡನ್ನು ಕೈಬಿಟ್ಟು, ಹೆಸರು ಸೇರಿಸಿದ ಖಾತೆಗಳಿಗೆ ಮಾತ್ರ ಅನುಮತಿ ಕೊಡುವುದೆಂದು ಬಳಗ ತೀರ್ಮಾನಿಸಿತು. ಸೆಟ್ಟಿಂಗ್ ಬದಲಿಸುವುದು ಅಷ್ಟೇನೂ ದೊಡ್ಡ ಕೆಲಸವಲ್ಲ. ತಿಳಿಸುವ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಸಿದ್ಧತೆ ಬೇಕಾಯಿತು, ಏಕೆಂದರೆ ಹೊಸಬರನ್ನು ಸೇರಿಸುವಾಗ ಡ್ರೈವ್ ತಾನಾಗಿಯೇ ಮಿಂಚಂಚೆ ಕಳಿಸುತ್ತದೆಯೇ ಹೊರತು, ಯಾರದಾದರೂ ಅನುಮತಿಯನ್ನು ತೆಗೆದಾಗ ಕಳಿಸುವುದಿಲ್ಲ.

ಮೊದಲು ಯಾರಿಗೆ ಏನಿದೆ, ಮುಂದೆ ಏನಿರುತ್ತದೆ ಎಂಬ ಪಟ್ಟಿ ಮಾಡಿದೆ. ಫೋಲ್ಡರಿಗೆ ಕೊಟ್ಟ ಅನುಮತಿ ಅದರೊಳಗಿನ ಕಡತಗಳಿಗೂ ಇಳಿಯುತ್ತದೆ; ಆದರೆ ಯಾವುದಾದರೂ ಕಡತವನ್ನು ಒಬ್ಬರೊಂದಿಗೆ ನೇರವಾಗಿಯೂ ಹಂಚಿಕೊಂಡಿದ್ದರೆ, ಫೋಲ್ಡರಿನಿಂದ ಅವರ ಹೆಸರು ತೆಗೆದ ಮೇಲೂ ಆ ಕಡತ ಅವರಿಗೆ ತೆರೆದೇ ಇರುತ್ತದೆ. ಇದನ್ನು ನೋಡದೆ ‘ನಿಮಗೆ ಇನ್ನು ಪ್ರವೇಶವಿಲ್ಲ’ ಎಂದು ಬರೆದರೆ, ಓದಿದವರು ಕಡತ ತೆರೆದು ನೋಡಿ ನಮ್ಮ ಉಳಿದ ಮಾತುಗಳನ್ನೂ ನಂಬದಿರಬಹುದು.

ಪಟ್ಟಿ ಮುಗಿದಾಗ ನಿಜವಾದ ತೊಡಕು ಕಂಡಿತು. ಲಿಂಕ್ ಮೂಲಕ ಖಾತೆ ಇಲ್ಲದೆಯೇ ಒಳಬರುತ್ತಿದ್ದವರ ಹೆಸರು ಎಲ್ಲಿಯೂ ಇರಲಿಲ್ಲ; ಅಂಥವರನ್ನು ಗೂಗಲ್ ಯಾವುದೋ ಪ್ರಾಣಿಯ ಹೆಸರಿನಲ್ಲಿ ಅನಾಮಧೇಯರಾಗಿ ತೋರಿಸುತ್ತದೆ. ಬದಲಾವಣೆಯ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟುವುದು ಅವರಿಗೇ, ಮತ್ತು ಪತ್ರ ಬರೆಯೋಣವೆಂದರೆ ವಿಳಾಸವಿಲ್ಲದವರೂ ಅವರೇ. ಆದ್ದರಿಂದ ಹೆಚ್ಚು ಬಳಕೆಯಲ್ಲಿದ್ದ ಪ್ರತಿ ಕಡತದ ಮೊದಲ ಸಾಲಿನಲ್ಲಿಯೇ ಸೂಚನೆ ಹಾಕಿದೆ: ಬದಲಾವಣೆಯ ದಿನಾಂಕ, ಅದರ ನಂತರವೂ ತಿದ್ದಬೇಕೆನ್ನುವವರು ತಮ್ಮ ಗೂಗಲ್ ಖಾತೆಯ ವಿಳಾಸವನ್ನು ಯಾರಿಗೆ ಕಳಿಸಬೇಕು, ಇಷ್ಟೇ. ಬಾಗಿಲು ಮುಚ್ಚಿದ ಮೇಲೆ ಆ ಸಾಲು ಅವರಿಗೆ ಕಾಣುವುದಿಲ್ಲವಾದ್ದರಿಂದ, ಅದು ಸಾಕಷ್ಟು ಮುಂಚಿತವಾಗಿಯೇ ಅಲ್ಲಿರಬೇಕಾಗಿತ್ತು. 2021ರಲ್ಲಿ ಗೂಗಲ್ ಕೆಲವು ಹಳೆಯ ಲಿಂಕುಗಳ ಭದ್ರತೆಯನ್ನು ಬದಲಿಸಿದಾಗಲೂ ಜುಲೈಯಲ್ಲಿ ತಿಳಿಸಿ, ಸೆಪ್ಟೆಂಬರ್ 13ರಿಂದ ಜಾರಿಗೆ ತಂದಿತ್ತು. ಅಷ್ಟು ಬಿಡುವು ಸಣ್ಣ ಬಳಗಕ್ಕೆ ಬೇಕಿಲ್ಲವಾದರೂ, ತಿಂಗಳಿಗೊಮ್ಮೆ ಮಾತ್ರ ಕಡತ ತೆರೆಯುವವರೂ ಒಮ್ಮೆ ನೋಡುವಷ್ಟು ಅವಧಿ ಬೇಕೇಬೇಕು.

ಹೆಸರಿದ್ದ ಸದಸ್ಯರಿಗೆ ಒಂದೇ ಪತ್ರ ಕಳಿಸಲಿಲ್ಲ. ಏನೂ ಬದಲಾಗದವರಿಗೆ ಎರಡು ಸಾಲು ಸಾಕಾಯಿತು. ತಿದ್ದುವ ಅನುಮತಿ ಕಳೆದುಕೊಳ್ಳುವವರಿಗೆ ಬರೆಯುವಾಗ, ‘ಭದ್ರತೆಯ ದೃಷ್ಟಿಯಿಂದ ಅನುಮತಿಗಳನ್ನು ಪರಿಷ್ಕರಿಸಲಾಗಿದೆ’ ಎಂಬಂಥ ಸುತ್ತೋಲೆಯ ಭಾಷೆಯನ್ನು ಬೇಕೆಂದೇ ದೂರವಿಟ್ಟೆ. ಅದರಿಂದ ತಮಗೇನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆದೆ: ‘ಮುಂದಿನ ತಿಂಗಳ ಮೊದಲ ಸೋಮವಾರದಿಂದ ವರದಿಗಳ ಫೋಲ್ಡರಿನ ಕಡತಗಳನ್ನು ನೀವು ಓದಬಹುದು, ಟಿಪ್ಪಣಿ ಬರೆಯಬಹುದು, ಡಾಕ್ಸ್ ಕಡತಗಳಲ್ಲಿ ತಿದ್ದುಪಡಿಗಳನ್ನು ಸಲಹೆಯಾಗಿ ಸೂಚಿಸಬಹುದು, ನೇರವಾಗಿ ತಿದ್ದಲು ಮಾತ್ರ ಆಗುವುದಿಲ್ಲ. ನೀವು ಈವರೆಗೆ ಬರೆದದ್ದೆಲ್ಲ ಹಾಗೆಯೇ ಇರುತ್ತದೆ.’ ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿ, ಈ ಮಿತಿ ಅದೇ ಹೊಣೆಯಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿದೆ. ಇದ್ದ ಹಕ್ಕು ಕಡಿಮೆಯಾದಾಗ, ತಮ್ಮ ಮೇಲೆ ಅಪನಂಬಿಕೆ ಬಂತೇ ಎಂಬ ಶಂಕೆ ಯಾರಿಗಾದರೂ ಸಹಜ. ಪ್ರವೇಶವೇ ಇಲ್ಲವಾಗುವವರೊಂದಿಗೆ ಮೊದಲು ಫೋನಿನಲ್ಲಿ ಮಾತನಾಡಿ, ಆಮೇಲೆ ಪತ್ರ ಕಳಿಸಿದೆ. ಇಂಥ ಸುದ್ದಿ ಬೇರೆಯವರ ಬಾಯಿಂದ ಮೊದಲು ಕಿವಿಗೆ ಬೀಳಬಾರದು.

ಈ ಎಲ್ಲ ಪತ್ರಗಳಿಗಿಂತ ಮುಂಚೆ ಇನ್ನೊಂದನ್ನು ಇತ್ಯರ್ಥಪಡಿಸಿಕೊಂಡಿದ್ದೆ. ಅನುಮತಿ ಇಲ್ಲದವರು ‘ಪ್ರವೇಶ ಕೋರಿ’ ಎಂಬುದನ್ನು ಒತ್ತಿದರೆ ಕೋರಿಕೆ ಹೋಗುವುದು ಕಡತದ ಮಾಲೀಕರಿಗೆ. ನಮ್ಮದು ವೈಯಕ್ತಿಕ ಖಾತೆಯ ಫೋಲ್ಡರ್ ಆಗಿದ್ದರಿಂದ, ಅದರೊಳಗೆ ಯಾರು ಕಡತ ರಚಿಸಿದರೋ ಅವರೇ ಅದರ ಮಾಲೀಕರು. ಬಳಗ ಬಿಟ್ಟವರ ಅಂಚೆಪೆಟ್ಟಿಗೆಯಲ್ಲಿ ಕೋರಿಕೆಗಳು ಕೊಳೆಯಬಾರದೆಂದು, ಅಂಥವರಿಗೆ ಬರೆದು ಮಾಲೀಕತ್ವವನ್ನು ಬಳಗದ ಖಾತೆಗೆ ವರ್ಗಾಯಿಸಿಕೊಂಡೆ. ವರ್ಗಾವಣೆಯನ್ನು ಪಡೆಯುವವರು ಒಪ್ಪಿಕೊಂಡ ಮೇಲಷ್ಟೇ ಅದು ಪೂರ್ಣವಾಗುತ್ತದೆ.

ಬದಲಾವಣೆಯ ದಿನ, ಬಳಗದ ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿದ್ದ ಹಳೆಯ ಸಂದೇಶವನ್ನು ತೆಗೆದು, ಯಾವ ಕೋರಿಕೆಯನ್ನು ಯಾರಿಗೆ ಕಳಿಸಬೇಕೆಂಬ ಹೊಸ ಸಂದೇಶವನ್ನು ಅಲ್ಲಿ ಹಾಕಿದೆ. ಮೊದಲ ವಾರ ಬಂದ ಕೋರಿಕೆಗಳಿಗೆ ಅದೇ ದಿನ ಉತ್ತರಿಸಿದೆ, ನಿರಾಕರಿಸಿದವುಗಳಿಗೂ ಕಾರಣ ಸಮೇತ.