ಹಸಿಯಲ್ಲಿ ಸೀಳು, ಒಣಗಿಸಿ ಸಾಗಿಸು: ನಮ್ಮ ಸರ್ವೆ ಮರದ ತೋಪಿನ ಸೌದೆ ಲೆಕ್ಕ

ಕಳೆದ ವರ್ಷ ಜನವರಿಯಲ್ಲಿ ಸೌದೆ ವ್ಯಾಪಾರಿಯೊಬ್ಬರು ನಮ್ಮ ತೋಪು ನೋಡಲು ಬಂದಿದ್ದರು. ಸೊಟ್ಟ ಮರ, ತುದಿ, ಕೊಂಬೆ ಎಲ್ಲ ಸೇರಿ ನಿಂತಲ್ಲೇ ಟನ್ನಿಗೆ 2,200 ಕೊಡುತ್ತೇನೆ, ಕೊಯ್ಯುವುದು ಸಾಗಿಸುವುದು ನನ್ನದೇ ಅಂದರು. ನಾನು ಕೊಡಲಿಲ್ಲ. ಅದೇ ಸೌದೆಯನ್ನು ಸೀಳಿ ಒಣಗಿಸಿ ಆಗಸ್ಟ್‌ನಲ್ಲಿ ಕೆ.ಜಿ.ಗೆ ಆರು, ಆರೂವರೆಗೆ ಮಾರಿದೆ. ಕೊನೆಯ ಲೋಡು ಏಳಕ್ಕೂ ಹೋಯಿತು. ಆಗ ಒಣಗಿಸುವುದು ಬೇಡ ಅಂದವರೆಲ್ಲ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು. ಎರಡೂವರೆ ಎಕರೆ ಬೆದ್ದಲು, ಕೆಂಪು ಮಣ್ಣು, ಇಳಿಜಾರು. ಮೇಲ್ಗಡೆ ಅಪ್ಪ ಹಾಕಿದ ಹಳೇ ನೀಲಗಿರಿ, ನಡುವೆ ನಾನು ಹಾಕಿದ ಸರ್ವೆ, ಬದುವಿನ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯ), ಹೊಂಗೆ. ಆ ಸಲ ಕಡಿದದ್ದು ಅರ್ಧ ಎಕರೆಯಷ್ಟು ಸರ್ವೆ, ಜೊತೆಗೆ ಒಂದಷ್ಟು ನೀಲಗಿರಿ. ನೆಟ್ಟಗಿದ್ದ ಗಳವೆಲ್ಲ ಸೆಂಟ್ರಿಂಗ್‌ನವರಿಗೆ ಹೋಯಿತು. ಅದಕ್ಕೆ ಬೆಲೆ ಬೇರೆ, ಅದನ್ನು ಯಾರೂ ಒಲೆಗೆ ಹಾಕುವುದಿಲ್ಲ. ಉಳಿದದ್ದು ಹಸಿ ತೂಕದಲ್ಲಿ ಸುಮಾರು 12 ಟನ್. ನಾನು ಹೇಳುತ್ತಿರುವುದು ಆ 12 ಟನ್ನಿನ ಕಥೆ.

ಕಾನೂನಿನ ಮಾತು ಒಂದೇ ಸಾಲಲ್ಲಿ ಹೇಳಿಬಿಡುತ್ತೇನೆ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ ಇಂಥವನ್ನು ಸ್ವಂತ ಜಮೀನಿನಲ್ಲಿ ಕಡಿಯಲು ಅನುಮತಿ ಬೇಕಿಲ್ಲ. ಬೇರೆ ಮರಕ್ಕೆ ಕೊಡಲಿ ಹಾಕುವ ಮೊದಲು ವಲಯ ಅರಣ್ಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೆ. ಮರ ಉರುಳಿಸುತ್ತಾರೆ, ತುಂಡು ಮಾಡುತ್ತಾರೆ, ಅವತ್ತೇ ಟ್ರ್ಯಾಕ್ಟರಿಗೆ ತುಂಬಿ ವೇಬ್ರಿಡ್ಜ್‌ಗೆ ಹಾಕುತ್ತಾರೆ. ಹಸಿ ಇದ್ದಷ್ಟೂ ತೂಕ, ತೂಕ ಇದ್ದಷ್ಟೂ ದುಡ್ಡು. ನಾನು ಒಣಗಿಸಿ ಮಾರುತ್ತೇನೆ ಅಂದಾಗ ಪಕ್ಕದ ಹೊಲದ ದೊಡ್ಡಪ್ಪ ಬದುವಿನ ಮೇಲೆ ನಿಂತು, "ಅಲ್ಲ ಕಣ್ ಮಗ, ಮೂರು ಕಾಸಿನಲ್ಲಿ ಒಂದು ಕಾಸು ಗಾಳಿಗೆ ಬಿಟ್ಟು ಕೂತ್ಕೊಂತೀಯಲ್ಲ" ಅಂದರು. ಅವರ ಲೆಕ್ಕ ಸುಳ್ಳಲ್ಲ. ಹನ್ನೆರಡು ಟನ್ ಒಣಗಿ ಎಂಟರ ಹತ್ತಿರ ಬಂತು. ಆದರೆ ಕೊಳ್ಳುವವರು ಯಾರು, ಯಾವಾಗ ಕೊಳ್ಳುತ್ತಾರೆ ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ.

ಪಾಂಡವಪುರ, ಮಂಡ್ಯದ ಕಡೆ ಆಲೆಮನೆಗಳಲ್ಲಿ ಕೊಪ್ಪರಿಗೆ ಕೆಳಗೆ ಉರಿಯುವುದು ಕಬ್ಬಿನ ರಚ್ಚು, ಅಂದರೆ ರಸ ಹಿಂಡಿ ಉಳಿದ ಸಿಪ್ಪೆ. ಬಿಸಿಲು ಕಾಲದಲ್ಲಿ ಅವರಿಗೆ ಸೌದೆಯೇ ಬೇಡ. ಮಳೆ ಹಿಡಿದರೆ ರಚ್ಚು ಅಂಗಳದಲ್ಲಿ ಒಣಗುವುದಿಲ್ಲ. ಹಿಂದೆ ಟೈರು, ಹಳೇ ಬಟ್ಟೆ ಹಾಕಿ ಉರಿ ನಿಲ್ಲಿಸುತ್ತಿದ್ದವರೂ ಇದ್ದರು. ಈಗ ಅದಕ್ಕೆ ಅಧಿಕಾರಿಗಳು ಬಿಡುವುದಿಲ್ಲ, ಬಿಡಲೂಬಾರದು. ಆಗ ಅವರಿಗೆ ಬೇಕಾದದ್ದು ತಕ್ಷಣ ಹತ್ತುವ ಒಣ ಸೌದೆ. ಇನ್ನೊಂದು ಕಡೆ ಆಷಾಢ ಕಳೆದು ಶ್ರಾವಣದ ಮದುವೆ ಶುರುವಾದರೆ ಛತ್ರದ ಅಡುಗೆಯವರು ಸೌದೆ ಹುಡುಕುತ್ತಾರೆ. ಸಾವಿರ ಜನಕ್ಕೆ ಅನ್ನ ಇಟ್ಟವನಿಗೆ ಹೊಗೆ ಕಾರುವ ಹಸಿ ಕೊರಡು ಸಿಕ್ಕರೆ ಅವನು ಇನ್ನೊಮ್ಮೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ಒಣ ಸೌದೆ ಇಟ್ಟುಕೊಂಡವನದೇ ಬೆಲೆ. ಅಕ್ಟೋಬರ್‌ನಲ್ಲಂತೂ ನಮ್ಮ ಕಡೆ ಮಳೆ ಜೋರು.

ಇದಕ್ಕೂ ಮೊದಲು ಒಣಗಿಸುವ ಕೆಲಸ ಕೈ ಕೊಟ್ಟಿದ್ದು ಉಂಟು. ಒಂದು ವರ್ಷ ದುಂಡು ಮರವನ್ನು ಹಾಗೇ ಸಿಪ್ಪೆ ಸಮೇತ ನೆಲದ ಮೇಲೆ ಒಟ್ಟಿದ್ದೆವು. ಯುಗಾದಿ ಕಳೆದು ಒಲೆಗೆ ಹಾಕಿದರೂ ತುದಿಯಲ್ಲಿ ನೊರೆ ಬರುತ್ತಿತ್ತು. ಕೆಳಗಿನ ಸಾಲನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಇನ್ನೊಂದು ವರ್ಷ ಮಳೆಗೆ ಅಂತ ನೀಲಿ ಟಾರ್ಪಾಲನ್ನು ನೆಲದವರೆಗೂ ಸುತ್ತಿ ಕಟ್ಟಿದ್ದೆವು. ಬಿಚ್ಚಿದಾಗ ಒಳಗೆಲ್ಲ ಬೂಷ್ಟು. ಬಿಸಿಲಿಗೆ ಸೌದೆಯ ನೀರು ಆವಿಯಾಗಿ ಟಾರ್ಪಾಲಿಗೆ ತಾಗಿ, ರಾತ್ರಿ ಅದೇ ನೀರು ಮತ್ತೆ ಸೌದೆ ಮೇಲೆ ಹನಿಯುತ್ತಿತ್ತು. ಆ ಲೋಡನ್ನು ಇಟ್ಟಿಗೆ ಗೂಡಿನವರೊಬ್ಬರಿಗೆ ಕೊಟ್ಟೆವು. ವೇಬ್ರಿಡ್ಜ್ ಚೀಟಿ ಕೈಯಲ್ಲಿದ್ದರೂ ತೇವ ಜಾಸ್ತಿ ಅಂತ ನೂರಕ್ಕೆ ಹದಿನೈದು ಕಳೆದು ದುಡ್ಡು ಕೊಟ್ಟರು. ಬಾಡಿಗೆ ಹೋಗಿ ಉಳಿದದ್ದು ಏನೂ ಇಲ್ಲ.

ಈಗಿನ ಪದ್ಧತಿ ಸಂಕ್ರಾಂತಿಯ ಕಿಚ್ಚು ಹಾಯಿಸಿದ ಮೇಲೆ ಶುರು. ಆಗ ಗಾಳಿ ಒಣ, ಮುಂದೆ ಮೂರು ತಿಂಗಳು ಬಿಸಿಲು. ಮಾರ್ಚ್‌ಗೆ ತಳ್ಳಿದರೆ ಏಪ್ರಿಲ್, ಮೇ ಮಳೆ ನಡುವೆ ಬಂದು ಕೆಲಸ ಕೆಡುತ್ತದೆ. ಕಡಿದ ಮರವನ್ನು ಅವತ್ತು ಅಥವಾ ಮಾರನೇ ದಿನ ಸೀಳಿಬಿಡಬೇಕು. ಇದರಲ್ಲಿ ರಾಜಿ ಇಲ್ಲ. ಸರ್ವೆ ಹೇಗೂ ಸೀಳುತ್ತದೆ, ಆದರೆ ನೀಲಗಿರಿ ನುಲಿದುಕೊಂಡು ಬೆಳೆಯುವ ಮರ. ಹಸಿಯಲ್ಲಿ ಸೀಳದೆ ಬಿಟ್ಟರೆ ಒಣಗಿದ ಮೇಲೆ ಕೊಡಲಿ ಬಾಯಿ ಮುರಿಯುತ್ತದೆಯೇ ಹೊರತು ಮರ ಬಿಡುವುದಿಲ್ಲ.

ಸೀಳುವಾಗ ಬಹಳ ಜನ ಬೆಣೆಯನ್ನು ನಟ್ಟನಡುವೆ ಇಡುತ್ತಾರೆ. ಕೊರಡನ್ನು ನಿಲ್ಲಿಸಿ ಕೊಯ್ದ ಮುಖ ನೋಡಿ. ಒಂದೆರಡು ಗಂಟೆಯಲ್ಲಿ ತಿರುಳಿನಿಂದ ಅಂಚಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಆ ಬಿರುಕು ಅಂಚು ಮುಟ್ಟುವ ಕಡೆ ಬೆಣೆ ಇಟ್ಟು ಸುತ್ತಿಗೆಯಲ್ಲಿ ಒಂದು ಹಗುರ ಪೆಟ್ಟು, ಆಮೇಲೆ ಒಂದು ಜೋರು ಪೆಟ್ಟು. ಗಂಟು ಇದ್ದರೆ ಗಂಟನ್ನು ಕೆಳಗೆ ಮಾಡಿ. ಕವಲು ತುಂಡನ್ನು ಸೀಳಲು ಹೋಗಲೇಬೇಡಿ, ಪಕ್ಕಕ್ಕೆ ಎಸೆಯಿರಿ, ಅದು ನೀರೊಲೆಗೆ ಸರಿ. ನಮ್ಮ ಬೆಣೆಯ ಬಾಯಿಯನ್ನು ಕುಲುಮೆಯಲ್ಲಿ ಬೇರೆ ಥರ ಬಡಿಸಿದ್ದೇನೆ. ಅದು ಎಷ್ಟು ಓರೆ ಅನ್ನುವುದನ್ನು ಬರೆಯುವುದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ಉದ್ದ ಮೂರು ಅಡಿ. ಆಲೆಮನೆಯವರಿಗೆ ಅದೇ ಬೇಕು. ಛತ್ರದವರಿಗೆ ಬೇಕಾದಾಗ ನಡುವೆ ಒಂದು ಕೊಯ್ತ ಕೊಟ್ಟರೆ ಒಂದೂವರೆ ಅಡಿ ಆಗುತ್ತದೆ. ದಪ್ಪ ಅಂಗೈ ಅಗಲಕ್ಕಿಂತ ಜಾಸ್ತಿ ಬೇಡ. ಚೈನ್ ಗರಗಸದ ಮಿಷನ್ನಿನಲ್ಲಿ ಕೊಯ್ಯುವಾಗ ಕೊರಡಿನ ಕೆಳಗೆ ಎರಡು ಅಡ್ಡ ತುಂಡು ಕೊಡಿ. ಚೈನು ಒಮ್ಮೆ ನೆಲ ಮುಟ್ಟಿದರೆ ಕೆಂಪು ಮಣ್ಣಿನ ಮರಳು ಅದರ ಹಲ್ಲು ತಿಂದುಹಾಕುತ್ತದೆ. ಮೊದಲು ಕೊಂಡ ಅಗ್ಗದ ಮಿಷನ್ ಒಂದು ಹಂಗಾಮೂ ಪೂರ್ತಿ ಬರಲಿಲ್ಲ. ಮೊದಲೇ ಸ್ವಲ್ಪ ಜಾಸ್ತಿ ಕೊಟ್ಟು ಒಳ್ಳೇದು ತನ್ನಿ.

ಇನ್ನು ಒಟ್ಟುವುದು. ಜಮೀನಿನ ಎತ್ತರದ ಜಾಗದಲ್ಲಿ, ಮರದ ನೆರಳು ಬೀಳದ ಕಡೆ. ಮುರಿದ ಕಲ್ಲುಕಂಬಗಳನ್ನು ಎರಡು ಸಾಲು ಮಲಗಿಸಿದೆ. ನಮ್ಮ ಕಡೆ ಬೇಲಿ ಕಂಬ ಮುರಿದದ್ದು ಎಲ್ಲರ ಹತ್ತಿರವೂ ಬಿದ್ದಿರುತ್ತದೆ, ದುಡ್ಡು ಕೊಡಬೇಕಿಲ್ಲ. ಅದರ ಮೇಲೆ ಒಂದೇ ಸಾಲು ಸೌದೆ, ಎದೆ ಎತ್ತರಕ್ಕೆ. ಎರಡು ಸಾಲು ಬೆನ್ನಿಗೆ ಬೆನ್ನು ಹಚ್ಚಿ ಒಟ್ಟಿದರೆ ನಡುವಿನದು ಒಣಗುವುದಿಲ್ಲ. ಸಾಲು ಉತ್ತರ ದಕ್ಷಿಣಕ್ಕೆ ಓಡಬೇಕು. ಆಗ ಮಾಗಿಯ ಮೂಡಣ ಗಾಳಿ, ಮುಂಗಾರಿನ ಪಡುವಣ ಗಾಳಿ ಎರಡೂ ಸೌದೆ ನಡುವೆ ನುಗ್ಗಿ ಹೋಗುತ್ತವೆ. ಎರಡು ಕೊನೆಗೂ ಗೂಟ ನೆಡುವ ಬದಲು ಒಂದು ಪದರ ಉದ್ದ, ಒಂದು ಪದರ ಅಡ್ಡ ಹೀಗೆ ಕಟ್ಟುತ್ತಾ ಬಂದರೆ ಸಾಲು ತಾನೇ ನಿಲ್ಲುತ್ತದೆ. ಮೇಲಿನ ಸಾಲಿನಲ್ಲಿ ಸಿಪ್ಪೆ ಮೇಲ್ಮುಖ ಇರಲಿ. ಅದರ ಮೇಲೆ ಹಳೇ ತಗಡು, ಪಶ್ಚಿಮಕ್ಕೆ ಇಳಿಜಾರು, ಅಂಚು ಒಂದು ಮೊಳ ಹೊರಗೆ. ಪಕ್ಕ ಪೂರ್ತಿ ಖಾಲಿ. ತಗಡು ಇಲ್ಲದಿದ್ದರೆ ತೆಂಗಿನ ಸೋಗೆ ಹೆಣೆದು ಹಾಕಿ, ಒಂದು ಮಳೆಗಾಲಕ್ಕೆ ತೊಂದರೆ ಇಲ್ಲ.

ಗೆದ್ದಲಿಗೆ ಅಂತ ಒಂದು ಸಾಲಿನ ಸುತ್ತ ಬೂದಿ ಹಾಕಿ ನೋಡಿದೆ, ಇನ್ನೊಂದಕ್ಕೆ ಬೇವಿನ ಹಿಂಡಿ ನೆನೆಸಿದ ನೀರು. ಬೂದಿ ಒಂದು ಮಳೆಗೆ ತೊಳೆದು ಹೋಯಿತು, ಹಿಂಡಿಗೆ ದುಡ್ಡು ದಂಡ. ಏನೂ ಹಾಕದೆ ಕಲ್ಲಿನ ಮೇಲೆ ಇಟ್ಟ ಸಾಲಿಗೂ ಗೆದ್ದಲು ಹತ್ತಲಿಲ್ಲ. ಹತ್ತಿದರೂ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಾಣುತ್ತದೆ, ಪೊರಕೆಯಲ್ಲಿ ಗುಡಿಸಿದರೆ ಮುಗಿಯಿತು. ಅಮಾವಾಸ್ಯೆ ಕಡೆ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಅನ್ನುತ್ತಾರಲ್ಲ, ಅದನ್ನೂ ನೋಡಿದೆ. ಅಮಾವಾಸ್ಯೆಯ ಹಿಂದೆ ಮುಂದೆ ಕಡಿದದ್ದಕ್ಕೆ ಕೆಂಪು ಬಣ್ಣ, ಹುಣ್ಣಿಮೆ ಕಡೆಯದಕ್ಕೆ ಬಿಳಿ ಬಣ್ಣ ಬಳಿದು ಇಟ್ಟೆ. ಸೀಳಿದ ಸೌದೆಯಲ್ಲಿ ಎರಡಕ್ಕೂ ಹುಳ ಇಲ್ಲ. ಸಿಪ್ಪೆ ಸಮೇತ ದುಂಡಗೆ ಬಿಟ್ಟ ತುಂಡಿನಲ್ಲಿ ಎರಡರಲ್ಲೂ ಪುಡಿ ಉದುರುತ್ತಿತ್ತು. ನಮ್ಮ ಹೊಲದ ಮಟ್ಟಿಗೆ ಹುಳಕ್ಕೆ ಬೇಕಾದದ್ದು ಸಿಪ್ಪೆಯ ಮರೆ, ಚಂದ್ರನ ಲೆಕ್ಕ ಅಲ್ಲ.

ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ಕೊಬ್ಬರಿ ತೂಗುವ ನೇತಾಡುವ ತಕ್ಕಡಿ ಸಾಕು. ಪ್ರತಿ ಸಾಲಿನಲ್ಲಿ ಒಂದು ಸೀಳಿಗೆ ಗುರುತು ಮಾಡಿ ವಾರಕ್ಕೊಮ್ಮೆ ತೂಗಿದೆ. ಹಸಿಯಲ್ಲಿ ಐದು ಕೆ.ಜಿ. ಚಿಲ್ಲರೆ ಇದ್ದದ್ದು ಶಿವರಾತ್ರಿ ಹೊತ್ತಿಗೆ ನಾಲ್ಕಕ್ಕೆ ಇಳಿಯಿತು, ಏಪ್ರಿಲ್ ಕೊನೆಗೆ ಮೂರೂವರೆಯ ಹತ್ತಿರ. ಆಮೇಲೆ ಇಳಿಯಲಿಲ್ಲ. ಎರಡು ವಾರ ತೂಕ ನಿಂತರೆ ಸೌದೆ ತಯಾರು. ಎರಡು ಸೀಳು ತಟ್ಟಿದರೆ ಠಣ್ ಅನ್ನುತ್ತದೆ.

ಸಾಗಿಸುವುದರಲ್ಲಿ ಉಳಿತಾಯ ಆದದ್ದು ಎರಡು ಕಡೆ. ಕಡಿದ ಜಾಗದಿಂದ ಒಟ್ಟುವ ಜಾಗಕ್ಕೆ ಟ್ರ್ಯಾಕ್ಟರ್ ಬರುವುದಿಲ್ಲ, ಕಡಿದ ಮರದ ಬುಡಗಳು ಚುಚ್ಚಿ ಟೈರು ಹರಿಯುತ್ತದೆ. ಹಾಗಾಗಿ ನಮ್ಮ ಹಳ್ಳಿಕಾರ್ ಎತ್ತಿನ ಜೋಡಿಯಲ್ಲೇ ಎಳೆಸಿದೆ. ಹೊಂಗೆಯ ದಪ್ಪ ಕವಲೊಂದನ್ನು ಮಲಗಿಸಿ, ಕವಲಿನ ಬುಡಕ್ಕೆ ಸರಪಳಿ ಹಾಕಿ, ಕವಲಿನ ಮೇಲೆ ಕೊರಡಿನ ಮುಂತುದಿ ಎತ್ತಿ ಕಟ್ಟುವುದು. ಕೊರಡಿನ ಹಿಂಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಬರೀ ಸರಪಳಿಯಲ್ಲಿ ಎಳೆದರೆ ಮುಂತುದಿ ಮಣ್ಣಿಗೆ ಚುಚ್ಚಿಕೊಂಡು ಎತ್ತಿನ ಹೆಗಲು ಹೋಗುತ್ತದೆ. ಕವಲಿನ ಮೇಲೆ ಹಾಕಿದರೆ ಅದಕ್ಕಿಂತ ದೊಡ್ಡ ಮರವನ್ನೂ ಸರಾಗವಾಗಿ ಎಳೆಯುತ್ತವೆ. ಇನ್ನೊಂದು ಉಳಿತಾಯ ಟ್ರ್ಯಾಕ್ಟರ್ ಬಾಡಿಗೆಯದು. ಬಾಡಿಗೆ ಲೋಡಿನ ಲೆಕ್ಕ. ಹಸಿಯಲ್ಲಿ ಹೊತ್ತಿದ್ದರೆ ಮೂರರಲ್ಲಿ ಒಂದು ಭಾಗ ಬರೀ ನೀರಿಗೆ ಬಾಡಿಗೆ ಕೊಡಬೇಕಿತ್ತು.

ಸಂಜೆ ಐದರ ಮೇಲೆ ತೋಪಿನಲ್ಲಿ ಯಾರನ್ನೂ ನಿಲ್ಲಿಸಬೇಡಿ, ಈಗ ನಮ್ಮ ತಾಲ್ಲೂಕಿನಲ್ಲಿ ಚಿರತೆ ಎಲ್ಲಿ ಬೇಕಾದರೂ ಇರುತ್ತದೆ. ಸೌದೆ ತೆಗೆಯುವಾಗ ಬರಿಗೈ ಒಳಗೆ ಹಾಕಬೇಡಿ. ಕೊಕ್ಕೆ ಕೋಲಿನಲ್ಲಿ ಎಳೆದು ಬೀಳಿಸಿ ಆಮೇಲೆ ಎತ್ತಿ. ಕೊಳಕುಮಂಡಲ ಹಾವು ಸೌದೆ ಬಣ್ಣದಲ್ಲೇ ಮಲಗಿರುತ್ತದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಎಂಟು ಟನ್ನಿನಲ್ಲಿ ಮನೆಗೆ ಅರ್ಧ ಟನ್ ಉಳಿಸಿಕೊಂಡು ಉಳಿದದ್ದಕ್ಕೆ 48,000 ಆಸುಪಾಸು ಬಂತು. ಆಳುಗಳ ಕೂಲಿ, ಊಟ 9,000. ಪೆಟ್ರೋಲು, ಆಯಿಲು, ಚೈನು 3,000. ಟ್ರ್ಯಾಕ್ಟರ್ 4,000. ಕೈಯಲ್ಲಿ 32,000 ನಿಂತಿತು. ನಿಂತಲ್ಲೇ ಕೊಟ್ಟಿದ್ದರೆ 26,000 ಚಿಲ್ಲರೆ, ಕೈ ಕೆಸರಾಗದೆ. ಹೆಚ್ಚು ಸಿಕ್ಕಿದ್ದು ಆರು ಸಾವಿರ, ಅದರ ಜೊತೆ ಮನೆಯ ವರ್ಷದ ಸೌದೆ. ನಮ್ಮ ಸ್ವಂತ ಮೈಗೆ ಕೂಲಿ ಇದರಲ್ಲಿ ಹಾಕಿಲ್ಲ. ಇಷ್ಟಕ್ಕೆ ಇಷ್ಟು ಕಷ್ಟ ಯಾಕೆ ಅನ್ನುವವರಿಗೆ ನನ್ನ ಉತ್ತರ ಇದು. ಬೇಸಿಗೆಯಲ್ಲಿ ಹೊಲದಲ್ಲಿ ಬೇರೆ ಕೆಲಸ ಇಲ್ಲ. ಕಲ್ಲು, ತಗಡು, ಬೆಣೆ ಇನ್ನು ಕೊಳ್ಳಬೇಕಿಲ್ಲ. ಈ ವರ್ಷ ಆಲೆಮನೆಯವರು ಏಪ್ರಿಲ್‌ನಲ್ಲೇ ಮುಂಗಡ ಕೊಟ್ಟು ಹೋಗಿದ್ದಾರೆ, ಬೆಲೆ ನಾನು ಹೇಳಿದ್ದು. ದೊಡ್ಡಪ್ಪ ಕೂಡ ತಮ್ಮ ನೀಲಗಿರಿಯನ್ನು ಸೀಳಿಸಿ ನಮ್ಮ ಸಾಲಿನ ಪಕ್ಕದಲ್ಲೇ ಒಟ್ಟಿಸಿದ್ದಾರೆ. ಛತ್ರದ ಅಡುಗೆಯವರನ್ನು ಹಿಡಿದದ್ದು ಹೇಗೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಮನೆಗೆ ಉಳಿಸಿದ ಸೌದೆಯಿಂದ ಇನ್ನೊಂದು ಗೊತ್ತಾಯಿತು. ನಮ್ಮಲ್ಲಿ ಇನ್ನೂ ಹಳೇ ಅಸ್ತ್ರ ಒಲೆ ಇದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆ ಅಂತ ರೂಪಿಸಿದ್ದು. ಹೊಗೆ ಕೊಳವೆ ಇರುವ ಮೂರು ಪಾತ್ರೆಯ ಒಲೆ. ಅದು ಸರಿ ಉರಿಯುವುದಿಲ್ಲ ಅಂತ ಅಮ್ಮ ಮೂಲೆಗೆ ಹಾಕಿದ್ದರು. ಒಂದು ಅಡಿಯ ಸಣ್ಣ ಒಣ ಸೀಳು ಕೊಟ್ಟ ಮೇಲೆ ಮುದ್ದೆ, ಸಾರು, ಸ್ನಾನದ ನೀರು ಒಂದೇ ಉರಿಯಲ್ಲಿ ಆಗುತ್ತಿದೆ. ಒಲೆಯ ದೋಷ ಅಲ್ಲ, ಅದಕ್ಕೆ ದಪ್ಪ ಹಸಿ ಸೌದೆ ತುರುಕುತ್ತಿದ್ದೆವು ಅಷ್ಟೇ.

ಮುಂದಿನ ಸಲಕ್ಕೆ ನೀಲಗಿರಿ ಬುಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು, ನೀರು ನಿಲ್ಲದ ಹಾಗೆ ಓರೆಯಾಗಿ ಕೊಯ್ದಿದ್ದೇನೆ. ಚಿಗುರು ಗುಂಪಾಗಿ ಬಂತು, ಗಟ್ಟಿಯಾದ ಎರಡನ್ನು ಬಿಟ್ಟು ಉಳಿದದ್ದು ಸವರಿದೆ. ಸರ್ವೆ ಬುಡ ಹಾಗೆ ಚಿಗುರುವುದಿಲ್ಲ. ಬೇರು ಸಮೇತ ಕಿತ್ತು ಅದನ್ನೂ ಸೌದೆಗೆ ಸೇರಿಸಿ, ಗುಂಡಿಗೆ ಈ ಜೂನ್‌ನಲ್ಲಿ ಹೊಸ ಸಸಿ ಇಟ್ಟಾಯಿತು. ಈ ಸಲ ನಾಲ್ಕರ ಬದಲು ಐದು ಅಡಿ ಅಂತರ.